ಒಂದು ಚಮಚ ಸಕ್ಕರೆಯ ಲೆಕ್ಕ

ವಯಸ್ಕರೊಬ್ಬರ ಮೈಯಲ್ಲಿ ಸುಮಾರು ಐದು ಲೀಟರ್ ರಕ್ತವಿರುತ್ತದೆ. ಆರೋಗ್ಯವಾಗಿರುವವರಲ್ಲಿ ಬೆಳಗ್ಗೆ ಬರಿಹೊಟ್ಟೆಯ ಹೊತ್ತಿಗೆ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸನ್ನು ಒಟ್ಟು ಮಾಡಿದರೆ ಐದು ಗ್ರಾಂ ಕೂಡ ತೂಗುವುದಿಲ್ಲ. ಅಂದರೆ ಹೆಚ್ಚೆಂದರೆ ಒಂದು ಟೀ ಚಮಚ. ಮಿದುಳೊಂದಕ್ಕೇ ದಿನಕ್ಕೆ 120 ಗ್ರಾಂನಷ್ಟು ಗ್ಲೂಕೋಸ್ ಬೇಕು. ಇತ್ತ ಎರಡು ರಾಗಿ ಮುದ್ದೆಯ ಊಟ ನೂರು ಗ್ರಾಂನಷ್ಟು ಪಿಷ್ಟವನ್ನು ಒಂದೇ ಸಲಕ್ಕೆ ಕರುಳಿಗೆ ಇಳಿಸುತ್ತದೆ. ಇಷ್ಟೊಂದು ಬರುತ್ತಾ ಹೋಗುತ್ತಾ ಇದ್ದರೂ ಆ ಒಂದು ಚಮಚ ಬಹುಮಟ್ಟಿಗೆ ಒಂದು ಚಮಚವಾಗಿಯೇ ಉಳಿಯುತ್ತದೆ. ಬರಿಹೊಟ್ಟೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 126 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಗ್ಲೂಕೋಸ್ ಕಂಡುಬಂದರೆ ವೈದ್ಯರು ಅದನ್ನು ಮಧುಮೇಹ ಎನ್ನುತ್ತಾರೆ. ಇಡೀ ದೇಹದ ಲೆಕ್ಕಕ್ಕೆ ತಂದರೆ ಆರೋಗ್ಯಕ್ಕೂ ಕಾಯಿಲೆಗೂ ನಡುವಿನ ಅಂತರ ಎರಡು ಗ್ರಾಂ ಸಕ್ಕರೆಗಿಂತ ಕಡಿಮೆ. ಆ ಎರಡು ಗ್ರಾಂ ಹತ್ತು ಹದಿನೈದು ವರ್ಷ ಹೆಚ್ಚಾಗಿಯೇ ಉಳಿದರೆ ಕಣ್ಣಿನ ಪರದೆ, ಮೂತ್ರಪಿಂಡದ ಸೋಸುಗಗಳು, ಪಾದದ ನರಗಳು, ಹೃದಯದ ರಕ್ತನಾಳಗಳು ಒಂದೊಂದಾಗಿ ಕೆಡುತ್ತವೆ.

ಹಾಸನದಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ, ಹಳೇಬೀಡಿನ ರಸ್ತೆ ಕವಲೊಡೆಯುವ ಹಗರೆಯಂಥ ಊರಿನಲ್ಲಿ ಸಕ್ಕರೆ ಕಾಯಿಲೆಯ ಹೆಸರು ಕೇಳಿ ಈಗ ಯಾರೂ ಹುಬ್ಬೇರಿಸುವುದಿಲ್ಲ. ‘ಬಿಪಿ, ಶುಗರ್ ಇದೆಯಾ?’ ಎಂಬುದು ಹಲ್ಲು ಕೀಳಿಸಲು ಹೋದರೂ ಕೇಳುವ ಪ್ರಶ್ನೆ. ಶ್ರೀಮಂತರ, ಪಟ್ಟಣಿಗರ ಕಾಯಿಲೆ ಎಂಬ ಹಳೆಯ ಮಾತನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ‘ಇಂಡಿಯಾಬ್’ ಸಮೀಕ್ಷೆ ಈಗಾಗಲೇ ಹಳತಾಗಿಸಿದೆ. 2023ರಲ್ಲಿ ಪ್ರಕಟವಾದ ಅದರ ಅಂದಾಜಿನಂತೆ ದೇಶದ ಸುಮಾರು 10 ಕೋಟಿ ಜನರಿಗೆ ಮಧುಮೇಹವಿದೆ. ಪಟ್ಟಣಗಳಲ್ಲಿ ಅದರ ಪ್ರಮಾಣ ಶೇ. 16ರಷ್ಟಿದ್ದರೆ ಹಳ್ಳಿಗಳಲ್ಲಿ ಶೇ. 9ರಷ್ಟಿದೆ. ಹೆಚ್ಚು ಯೋಚಿಸಬೇಕಾದದ್ದು ಇನ್ನೊಂದು ಅಂಕಿಯ ಬಗ್ಗೆ. ಮಧುಮೇಹದ ಹೊಸ್ತಿಲಲ್ಲಿ ನಿಂತವರ ಪ್ರಮಾಣ ಹಳ್ಳಿಯಲ್ಲೂ ಪಟ್ಟಣದಲ್ಲೂ ಒಂದೇ, ಸುಮಾರು ಶೇ. 15. ಮುಂದಿನ ಹತ್ತು ವರ್ಷಗಳಲ್ಲಿ ಹಳ್ಳಿಗಳ ಮೆಡಿಕಲ್ ಶಾಪುಗಳಲ್ಲಿ ಯಾವ ಮಾತ್ರೆ ಹೆಚ್ಚು ಖರ್ಚಾಗುತ್ತದೆ ಎಂಬುದನ್ನು ಈ ಅಂಕಿಯೇ ಹೇಳುತ್ತದೆ.

ಜನ ಒಟ್ಟಾರೆಯಾಗಿ ಶುಗರ್ ಮಾತ್ರೆ ಎನ್ನುವುದರಲ್ಲಿ ಏನಿಲ್ಲೆಂದರೂ ಆರು ಬೇರೆ ಬೇರೆ ಕುಲದ ಔಷಧಗಳಿವೆ. ಒಂದು ಯಕೃತ್ತಿನಲ್ಲಿ ಕೆಲಸ ಮಾಡಿದರೆ ಇನ್ನೊಂದು ಮೇದೋಜೀರಕದಲ್ಲಿ, ಮತ್ತೊಂದು ಮೂತ್ರಪಿಂಡದಲ್ಲಿ. ಅವುಗಳ ಗುಣ, ಅಪಾಯ, ನುಂಗುವ ಹೊತ್ತು ಎಲ್ಲವೂ ಆ ಜಾಗವನ್ನು ಅವಲಂಬಿಸಿವೆ.

ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ಸ್ರವಿಸುವ ಇನ್ಸುಲಿನ್ ಎಂಬ ಹಾರ್ಮೋನು ರಕ್ತದಲ್ಲಿರುವ ಗ್ಲೂಕೋಸನ್ನು ಸ್ನಾಯು ಮತ್ತು ಕೊಬ್ಬಿನ ಕೋಶಗಳೊಳಗೆ ಸೇರಿಸುತ್ತದೆ; ಜೊತೆಗೆ, ಸಾಕು, ಇನ್ನು ಸಕ್ಕರೆ ಬಿಡಬೇಡ ಎಂದು ಯಕೃತ್ತಿಗೂ ತಿಳಿಸುತ್ತದೆ. ಎಳೆಯರಲ್ಲಿ ಹೆಚ್ಚಾಗಿ ಕಾಣುವ ಒಂದನೇ ಬಗೆಯ ಮಧುಮೇಹದಲ್ಲಿ ಬೀಟಾ ಕೋಶಗಳೇ ನಾಶವಾಗಿರುತ್ತವೆ. ಅಲ್ಲಿ ಮಾತ್ರೆಗೆ ಕೆಲಸವಿಲ್ಲ, ಇನ್ಸುಲಿನ್ ಚುಚ್ಚುಮದ್ದೇ ಬೇಕು. ನಮ್ಮಲ್ಲಿ ಬಹುಪಾಲು ಜನರಿಗೆ ಇರುವುದು ಎರಡನೇ ಬಗೆಯದು. ಅದರಲ್ಲಿ ಇನ್ಸುಲಿನ್ ಇದ್ದರೂ ಅಂಗಾಂಗಗಳು ಅದರ ಮಾತು ಕೇಳುವುದಿಲ್ಲ, ಹೇಳಿ ಹೇಳಿ ಬೀಟಾ ಕೋಶಗಳೂ ಸೋಲುತ್ತಾ ಬರುತ್ತವೆ. ಬಾಯಿಯ ಮೂಲಕ ಕೊಡುವ ಔಷಧಗಳು ಸಲ್ಲುವುದು ಇಲ್ಲಿಯೇ.

‘ರಾತ್ರಿ ಅರ್ಧ ಮುದ್ದೆ ಉಂಡಿದ್ದು ಅಷ್ಟೇ, ಆದ್ರೂ ಬೆಳಗ್ಗೆ ನೂರೆಂಬತ್ತು ತೋರಿಸ್ತಿದೆ’ ಎಂಬ ದೂರನ್ನು ಕೇಳದ ವೈದ್ಯರಿಲ್ಲ. ಆ ಸಕ್ಕರೆ ಬಂದದ್ದು ಯಕೃತ್ತಿನಿಂದ. ಯಕೃತ್ತು ದೇಹದ ಕಣಜವಿದ್ದಂತೆ. ಉಂಡಾಗ ನೂರು ಗ್ರಾಂನಷ್ಟು ಗ್ಲೂಕೋಸನ್ನು ಗ್ಲೈಕೋಜನ್ ರೂಪದಲ್ಲಿ ತುಂಬಿಟ್ಟುಕೊಂಡು ಉಪವಾಸದ ಹೊತ್ತಿನಲ್ಲಿ ಅಳೆದಳೆದು ಹೊರಗೆ ಕೊಡುತ್ತದೆ. ಸಾಲದಿದ್ದರೆ ಅಮೈನೋ ಆಮ್ಲ, ಲ್ಯಾಕ್ಟೇಟುಗಳಿಂದ ಹೊಸ ಗ್ಲೂಕೋಸನ್ನೇ ತಯಾರಿಸುತ್ತದೆ. ಮಧುಮೇಹಿಗಳಲ್ಲಿ ರಕ್ತದಲ್ಲಿ ಸಕ್ಕರೆ ಮಿತಿ ಮೀರಿದ್ದರೂ ಈ ಕಣಜದ ಬಾಯಿ ಮುಚ್ಚುವುದಿಲ್ಲ. ಮೆಟ್‌ಫಾರ್ಮಿನ್ ಹಿಡಿತ ಸಾಧಿಸುವುದು ಮುಖ್ಯವಾಗಿ ಇಲ್ಲಿ.

ಈ ಔಷಧದ ಬೇರು ಒಂದು ಮೇವಿನ ಗಿಡದಲ್ಲಿದೆ. ಗಲೇಗಾ ಅಫಿಸಿನಾಲಿಸ್ ಎಂಬ, ತಿಳಿನೇರಳೆ ಹೂ ಬಿಡುವ ಯೂರೋಪಿನ ಗಿಡವನ್ನು ಅಲ್ಲಿನ ನಾಟಿ ವೈದ್ಯರು ಹಿಂದಿನಿಂದಲೂ ಬಳಸುತ್ತಿದ್ದರು, ಹೆಚ್ಚು ಮೇಯ್ದ ಕುರಿಗಳು ಸಾಯುತ್ತಿದ್ದವು. ಅದರಲ್ಲಿದ್ದ ಗಲೇಜಿನ್, ಗ್ವಾನಿಡಿನ್ ಎಂಬ ರಾಸಾಯನಿಕದ ಹತ್ತಿರದ ನೆಂಟ. ಗ್ವಾನಿಡಿನ್ ಪ್ರಾಣಿಗಳ ರಕ್ತದ ಸಕ್ಕರೆಯನ್ನು ಇಳಿಸುತ್ತದೆಂದು 1918ರಲ್ಲಿ ತಿಳಿಯಿತು. 1922ರಲ್ಲಿ ಡಬ್ಲಿನ್‌ನ ಎಮಿಲ್ ವರ್ನರ್ ಮತ್ತು ಜೇಮ್ಸ್ ಬೆಲ್ ಮೆಟ್‌ಫಾರ್ಮಿನನ್ನು ಸಂಶ್ಲೇಷಿಸಿದರು. ಅದೇ ವರ್ಷದ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಹುಡುಗನೊಬ್ಬನಿಗೆ ಮೊದಲ ಬಾರಿಗೆ ಇನ್ಸುಲಿನ್ ಕೊಟ್ಟಿದ್ದರು. ಆ ಗೆಲುವಿನ ಗದ್ದಲದಲ್ಲಿ ಮೆಟ್‌ಫಾರ್ಮಿನ್ ಯಾರ ಕಣ್ಣಿಗೂ ಬೀಳಲಿಲ್ಲ. ಪ್ಯಾರಿಸಿನ ವೈದ್ಯ ಜಾನ್ ಸ್ಟರ್ನ್ ಅದನ್ನು ಮಧುಮೇಹಿಗಳಿಗೆ ಕೊಟ್ಟು 1957ರಲ್ಲಿ ಫಲಿತಾಂಶ ಪ್ರಕಟಿಸಿದ. ಅಲ್ಲಿಗೂ ವನವಾಸ ಮುಗಿಯಲಿಲ್ಲ. ಅದೇ ಕುಲದ ಫೆನ್‌ಫಾರ್ಮಿನ್ ರಕ್ತದಲ್ಲಿ ಲ್ಯಾಕ್ಟಿಕ್ ಆಮ್ಲ ಹೆಚ್ಚಿಸಿ ಜೀವ ತೆಗೆದದ್ದರಿಂದ 1970ರ ದಶಕದ ಕೊನೆಯಲ್ಲಿ ಹಲವು ದೇಶಗಳು ಅದನ್ನು ಹಿಂದಕ್ಕೆ ಪಡೆದವು, ಅದರ ಅಪಖ್ಯಾತಿ ಮೆಟ್‌ಫಾರ್ಮಿನ್‌ಗೂ ಅಂಟಿತು. ಅಮೆರಿಕದ ಔಷಧ ಅಂಗಡಿಗಳಿಗೆ ಅದು ಕಾಲಿಟ್ಟದ್ದು 1995ರಲ್ಲಿ. 1998ರಲ್ಲಿ ಬ್ರಿಟನ್ನಿನ ‘ಯುಕೆಪಿಡಿಎಸ್’ ಎಂಬ ದೀರ್ಘ ಅಧ್ಯಯನ, ಮೆಟ್‌ಫಾರ್ಮಿನ್ ಪಡೆದ ಸ್ಥೂಲಕಾಯದ ರೋಗಿಗಳಲ್ಲಿ ಹೃದಯಾಘಾತಗಳೂ ಸಾವುಗಳೂ ಕಡಿಮೆಯಾದದ್ದನ್ನು ತೋರಿಸಿತು. ಅಂದಿನಿಂದ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಾಗುವ ಮಧುಮೇಹದ ಮಾತ್ರೆ.

ಇಷ್ಟು ಬಳಸಿದ ಮೇಲೂ ಅದು ಹೇಗೆ ಕೆಲಸ ಮಾಡುತ್ತದೆ ಎಂಬ ಚರ್ಚೆ ಮುಗಿದಿಲ್ಲ. ಯಕೃತ್ತಿನ ಕೋಶಗಳ ಮೈಟೋಕಾಂಡ್ರಿಯಾಗಳಲ್ಲಿ ಶಕ್ತಿಯ ಉತ್ಪಾದನೆಯನ್ನು ತುಸು ತಗ್ಗಿಸಿ ಹೊಸ ಗ್ಲೂಕೋಸಿನ ತಯಾರಿಗೆ ಕಡಿವಾಣ ಹಾಕುತ್ತದೆ ಎಂಬುದು ಒಂದು ವಾದ, ಅದರ ಕೆಲಸದ ದೊಡ್ಡ ಪಾಲು ಕರುಳಿನಲ್ಲೇ ನಡೆಯುತ್ತದೆ ಎಂಬುದು ಮತ್ತೊಂದು. ಎರಡರಲ್ಲೂ ನಿಜವಿರಬಹುದು. ಅದು ಹೆಚ್ಚುವರಿ ಇನ್ಸುಲಿನ್ನನ್ನು ಹೊರಡಿಸುವುದಿಲ್ಲವಾದ್ದರಿಂದ ಒಂಟಿಯಾಗಿ ಕೊಟ್ಟಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುವುದು ತೀರಾ ಅಪರೂಪ. ಮೊದಲ ವಾರಗಳಲ್ಲಿ ಹೊಟ್ಟೆ ತೊಳಸುವುದು, ಭೇದಿ ಸಾಮಾನ್ಯ. ಆದ್ದರಿಂದಲೇ ಕಡಿಮೆ ಪ್ರಮಾಣದಲ್ಲಿ, ಊಟದ ಜೊತೆಗೆ ಆರಂಭಿಸುತ್ತಾರೆ. ದೇಹದಲ್ಲಿ ಯಾವ ಮಾರ್ಪಾಟೂ ಆಗದೆ ಅದು ಮೂತ್ರದಲ್ಲಿ ಹೊರಬೀಳುತ್ತದೆ. ಹಾಗಾಗಿ ಮೂತ್ರಪಿಂಡ ಬಹಳ ದುರ್ಬಲವಾದವರಿಗೆ ಕೊಡುವುದಿಲ್ಲ. ವರ್ಷಗಟ್ಟಲೆ ನುಂಗಿದವರಲ್ಲಿ ಬಿ-12 ಜೀವಸತ್ವ ಕುಗ್ಗುವುದೂ ಉಂಟು. ಸಸ್ಯಾಹಾರಿಗಳಿಗೆ ಅದು ಮೊದಲೇ ಕೊರತೆ. ಪಾದ ಜೋಮು ಹಿಡಿದರೆ ಸಕ್ಕರೆ ಕಾಯಿಲೆಯದೇ ಕಾಟ ಎಂದುಕೊಂಡು ಬಿ-12 ಪರೀಕ್ಷೆ ಮಾಡಿಸದೆ ಬಿಡುವುದು ನಮ್ಮಲ್ಲಿ ನಡೆಯುತ್ತಲೇ ಇದೆ.

ಎರಡನೆಯ ಕುಲವಾದ ಸಲ್ಫೊನೈಲ್‌ಯೂರಿಯಾಗಳು ಪತ್ತೆಯಾದದ್ದು ಆಕಸ್ಮಿಕವಾಗಿ, ಅದೂ ದುರಂತವೊಂದರ ನಡುವೆ. 1942ರಲ್ಲಿ ಯುದ್ಧಕಾಲದ ಫ್ರಾನ್ಸಿನ ಮೊಂಪೆಲಿಯೆ ನಗರದಲ್ಲಿ ಮಾರ್ಸೆಲ್ ಜಾನ್‌ಬೋನ್ ಎಂಬ ವೈದ್ಯ ಟೈಫಾಯ್ಡ್ ರೋಗಿಗಳಿಗೆ ಹೊಸದೊಂದು ಸಲ್ಫಾ ಔಷಧವನ್ನು ಕೊಟ್ಟು ನೋಡುತ್ತಿದ್ದ. ರೋಗಿಗಳು ಬೆವರಿ, ನಡುಗಿ, ಪ್ರಜ್ಞೆ ತಪ್ಪಿದರು, ಕೆಲವರು ಸತ್ತರು. ಅವರ ರಕ್ತದಲ್ಲಿ ಸಕ್ಕರೆ ಕುಸಿದಿತ್ತು. ಅದೇ ನಗರದ ಒಗುಸ್ತ್ ಲುಬಾತಿಯೇರ್ ನಾಯಿಗಳ ಮೇಲೆ ಪ್ರಯೋಗ ಮಾಡಿ, ಮೇದೋಜೀರಕ ತೆಗೆದ ನಾಯಿಯಲ್ಲಿ ಔಷಧ ಕೆಲಸ ಮಾಡುವುದಿಲ್ಲವೆಂದು ತೋರಿಸಿದ. ಹಾಗಾದರೆ ಅದು ಇನ್ಸುಲಿನ್ನನ್ನೇ ಹೊರಡಿಸುತ್ತಿರಬೇಕು ಎಂಬ ಅವನ ಊಹೆ ಸರಿಯಾಗಿತ್ತು. 1950ರ ದಶಕದ ನಡುವಿಗೆ ಟಾಲ್‌ಬ್ಯುಟಮೈಡ್, ಮುಂದೆ ಗ್ಲಿಬೆನ್‌ಕ್ಲಮೈಡ್, 1990ರ ದಶಕದಲ್ಲಿ ಗ್ಲಿಮೆಪಿರೈಡ್ ಬಂದವು.

ಬೀಟಾ ಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಹೊರಹೋಗುವ ಸೂಕ್ಷ್ಮ ನಾಳಗಳಿವೆ. ರಕ್ತದಲ್ಲಿ ಗ್ಲೂಕೋಸ್ ಏರಿದಾಗ ಕೋಶದೊಳಗೆ ಶಕ್ತಿಯ ಕಣಗಳಾದ ಎಟಿಪಿ ಹೆಚ್ಚಿ ಆ ನಾಳಗಳು ಮುಚ್ಚಿಕೊಳ್ಳುತ್ತವೆ. ಪೊರೆಯ ವಿದ್ಯುತ್ ಸ್ಥಿತಿ ಬದಲಾಗಿ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಇನ್ಸುಲಿನ್ ತುಂಬಿದ ಕಿರುಚೀಲಗಳು ಹೊರಗೆ ಬರಿದಾಗುತ್ತವೆ. ಸಲ್ಫೊನೈಲ್‌ಯೂರಿಯಾ ಗ್ಲೂಕೋಸಿಗೆ ಕಾಯದೆ ಆ ನಾಳಗಳನ್ನು ತಾನೇ ಮುಚ್ಚುತ್ತದೆ. ಅದರ ಶಕ್ತಿಯೂ ಇದೇ, ಅಪಾಯವೂ ಇದೇ. ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ ಇನ್ಸುಲಿನ್ ಹೊರಬರುತ್ತಲೇ ಇರುತ್ತದೆ.

ಮುಂಗಾರು ಹಿಡಿದು ಬಿತ್ತನೆಯ ಭರಾಟೆ ಶುರುವಾದರೆ ಹಾಸನ ಜಿಲ್ಲೆಯ ಆಲೂಗಡ್ಡೆ, ಜೋಳ, ಶುಂಠಿಯ ಹೊಲಗಳಲ್ಲಿ ಕೆಲಸ ಬೆಳಕು ಹರಿಯುವ ಮುನ್ನವೇ ಆರಂಭ. ಗ್ಲಿಮೆಪಿರೈಡ್ ನುಂಗಿ, ತಿಂಡಿ ಆಮೇಲೆ ನೋಡೋಣ ಎಂದು ಗುದ್ದಲಿ ಹಿಡಿದವರ ಮೈಯಲ್ಲಿ ಎರಡು ಕಡೆಯಿಂದ ಸಕ್ಕರೆ ಖರ್ಚಾಗುತ್ತದೆ. ಮಾತ್ರೆ ಹೊರಡಿಸಿದ ಇನ್ಸುಲಿನ್ ಒಂದು ಕಡೆ; ದುಡಿಯುವ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆ ಇಲ್ಲದೆಯೂ ಗ್ಲೂಕೋಸ್ ಎಳೆದುಕೊಳ್ಳುವುದು ಇನ್ನೊಂದು ಕಡೆ. ರಕ್ತದ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಕೈ ನಡುಕ, ತಣ್ಣನೆಯ ಬೆವರು, ಎದೆಬಡಿತ, ತಡೆಯಲಾರದ ಹಸಿವು. ಇನ್ನೂ ಇಳಿದರೆ ಮಾತು ತೊದಲಿ ಗೊಂದಲ. ಕುಡಿದಿರಬೇಕು ಎಂದು ಸುತ್ತಲಿನವರು ಅಂದುಕೊಳ್ಳುವುದೂ ಇದೆ. ಎಚ್ಚರವಿರುವಾಗಲೇ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕಲಸಿ ಕುಡಿಸಿದರೆ ಸಾಮಾನ್ಯವಾಗಿ ಕಾಲು ಗಂಟೆಯಲ್ಲಿ ಚೇತರಿಕೆ. ಏಕಾದಶಿ, ಶಿವರಾತ್ರಿ, ರಂಜಾನಿನ ಉಪವಾಸಗಳಲ್ಲಿ, ವಾಂತಿಭೇದಿಯಾಗಿ ಊಟ ಸೇರದ ದಿನಗಳಲ್ಲಿ ಈ ಕುಲದ ಮಾತ್ರೆಯ ಪ್ರಮಾಣವನ್ನು ವೈದ್ಯರು ಬದಲಿಸುವುದು ಇದೇ ಕಾರಣಕ್ಕೆ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಗ್ಲಿಬೆನ್‌ಕ್ಲಮೈಡ್ ದೀರ್ಘಕಾಲ ಉಳಿದು ಸಕ್ಕರೆಯನ್ನು ಮತ್ತೆ ಮತ್ತೆ ಇಳಿಸುತ್ತದೆ.

ನಮ್ಮಲ್ಲಿ ಈ ಎರಡು ಕುಲಗಳು ಹೆಚ್ಚಾಗಿ ಒಂದೇ ಮಾತ್ರೆಯೊಳಗೆ ಕೂಡಿ ಬರುತ್ತವೆ. ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಮಾತ್ರೆಗಳ ಸಾಲಿನಲ್ಲಿರುವ ಗ್ಲೈಕೋಮೆಟ್-ಜಿಪಿ ಅಂಥದ್ದು. ಹೆಸರಿನ ಮುಂದಿನ 1 ಅಥವಾ 2 ಎಂಬ ಅಂಕಿ ಗ್ಲಿಮೆಪಿರೈಡ್‌ನ ಮಿಲಿಗ್ರಾಂ ಲೆಕ್ಕ. ಅದರ ಜೊತೆ ನಿಧಾನವಾಗಿ ಬಿಡುಗಡೆಯಾಗುವ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಇರುತ್ತದೆ. ನಿಧಾನ ಬಿಡುಗಡೆಯ ಮಾತ್ರೆಯನ್ನು ಪುಡಿ ಮಾಡಿದರೆ ಅದನ್ನು ಹಾಗೆ ತಯಾರಿಸಿದ್ದೇ ವ್ಯರ್ಥ. ಔಷಧವೆಲ್ಲ ಸೋರಿ ಹೋದ ಮೇಲೆ ಅಂಥ ಕೆಲವು ಮಾತ್ರೆಗಳ ಬರಿಯ ಸಿಪ್ಪೆ ಮಲದಲ್ಲಿ ಇಡಿಯಾಗಿ ಕಾಣಿಸುವುದುಂಟು, ಮಾತ್ರೆ ಕರಗಲೇ ಇಲ್ಲವೆಂದು ಗಾಬರಿಯಾದವರೂ ಉಂಟು. ಇನ್ನೊಂದು ತೊಡಕು ಮೆಡಿಕಲ್ ಶಾಪಿನ ಕತ್ತರಿಯದು. ಹತ್ತು ಹದಿನೈದು ಮಾತ್ರೆಯ ಶೀಟಿನಲ್ಲಿ ಐದನ್ನು ಕತ್ತರಿಸಿ ಕೊಟ್ಟಾಗ ಔಷಧದ ಹೆಸರು, ಅಂಕಿ, ಅವಧಿ ಮುಗಿಯುವ ತಿಂಗಳು ಎಷ್ಟೋ ಸಲ ಅಂಗಡಿಯಲ್ಲೇ ಉಳಿದ ತುಂಡಿಗೆ ಸೇರಿಬಿಟ್ಟಿರುತ್ತವೆ. ಪ್ರಜ್ಞೆ ತಪ್ಪಿದವರನ್ನು ಆಸ್ಪತ್ರೆಗೆ ತಂದವರ ಜೇಬಿನಲ್ಲಿ ಸಿಗುವುದು ಬರಿಯ ಬೆಳ್ಳಿಬಣ್ಣದ ಚೂರು. ಮೆಟ್‌ಫಾರ್ಮಿನ್ ಮಾತ್ರ ನುಂಗುತ್ತಿದ್ದವರಾದರೆ ಕಾರಣವನ್ನು ಬೇರೆಡೆ ಹುಡುಕಬೇಕು, ಗ್ಲಿಮೆಪಿರೈಡ್ ಇದ್ದರೆ ಒಂದು ಸಲ ಚೇತರಿಸಿಕೊಂಡ ಮೇಲೂ ಗಂಟೆಗಟ್ಟಲೆ ಕಾಯಬೇಕು. ಆ ಚೂರಿನ ಮೇಲೆ ಇದ್ದಿರಬೇಕಾದ ಒಂದು ಸಾಲು ಅಷ್ಟು ಮುಖ್ಯ.

ಅಕಾರ್ಬೋಸ್, ವೋಗ್ಲಿಬೋಸ್‌ಗಳ ಕೆಲಸ ಸಣ್ಣಕರುಳಿನಲ್ಲಿ. ಪಿಷ್ಟವನ್ನು ಗ್ಲೂಕೋಸಾಗಿ ಒಡೆಯುವ ಕಿಣ್ವವನ್ನು ತಡೆದು ಉಂಡ ಮೇಲಿನ ಏರಿಕೆಯನ್ನು ತಗ್ಗಿಸುತ್ತವೆ. ಊಟದ ಮೊದಲ ತುತ್ತಿನೊಂದಿಗೆ ನುಂಗದಿದ್ದರೆ ಪ್ರಯೋಜನವಿಲ್ಲ, ನುಂಗಿದರೆ ಹೊಟ್ಟೆಯುಬ್ಬರ ತಪ್ಪುವುದಿಲ್ಲ. ಪಯೋಗ್ಲಿಟಜೋನ್ ಕೊಬ್ಬಿನ ಕೋಶಗಳನ್ನು ಇನ್ಸುಲಿನ್‌ಗೆ ಹೆಚ್ಚು ಸ್ಪಂದಿಸುವಂತೆ ಮಾಡುತ್ತದೆ. ಕಾಲು ಊದಿಸುವ, ತೂಕ ಏರಿಸುವ ಗುಣವೂ ಅದಕ್ಕಿದೆ. ಮೂತ್ರಕೋಶದ ಕ್ಯಾನ್ಸರಿನ ಶಂಕೆಯಿಂದ ಕೇಂದ್ರ ಸರ್ಕಾರ 2013ರ ಜೂನ್‌ನಲ್ಲಿ ಅದನ್ನು ತಡೆಹಿಡಿದು, ಮರುತಿಂಗಳೇ ಎಚ್ಚರಿಕೆಯ ಮಾತಿನೊಂದಿಗೆ ಮತ್ತೆ ಬಿಟ್ಟಿತು. ಗ್ಲಿಪ್ಟಿನ್‌ಗಳು ಸೌಮ್ಯ ಸ್ವಭಾವದವು. ಆಹಾರ ತಲುಪಿದೊಡನೆ ಕರುಳು ಬಿಡುವ ಜಿಎಲ್‌ಪಿ-1 ಎಂಬ ಹಾರ್ಮೋನು ಒಂದೆರಡು ನಿಮಿಷದಲ್ಲೇ ಕಿಣ್ವವೊಂದಕ್ಕೆ ತುತ್ತಾಗುತ್ತದೆ. ಈ ಮಾತ್ರೆಗಳು ಆ ಕಿಣ್ವವನ್ನು ಕಟ್ಟಿಹಾಕುತ್ತವೆ. ಉಳಿದುಕೊಂಡ ಹಾರ್ಮೋನಿನ ಪ್ರೇರಣೆಗೆ ಗ್ಲೂಕೋಸ್ ಹೆಚ್ಚಿದ್ದಾಗ ಮಾತ್ರ ಇನ್ಸುಲಿನ್ ಹೊರಡುವುದರಿಂದ ಸಕ್ಕರೆ ಕುಸಿಯುವ ಭಯ ಕಡಿಮೆ.

ಮೂತ್ರಪಿಂಡದಲ್ಲಿ ಕೆಲಸ ಮಾಡುವ ಕುಲದ ಕಥೆ ಮಾತ್ರ ನಿಂತು ಕೇಳುವಂಥದ್ದು. ಮೂತ್ರ ಮಾಡಿದ ಜಾಗಕ್ಕೆ ಇರುವೆ ಮುತ್ತಿದರೆ ಸಕ್ಕರೆ ಕಾಯಿಲೆ ಎಂದು ಹಳ್ಳಿಯ ಹಿರಿಯರು ಹೇಳುತ್ತಿದ್ದರು; ಆಯುರ್ವೇದದ ಪ್ರಾಚೀನ ಸಂಹಿತೆಗಳೂ ಮಧುಮೇಹವನ್ನು ಗುರುತಿಸಿದ್ದು ಸಿಹಿ ಮೂತ್ರದಿಂದಲೇ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ, ಅದರೊಂದಿಗೆ 180 ಗ್ರಾಂನಷ್ಟು ಗ್ಲೂಕೋಸೂ ಸೋಸಿ ಬರುತ್ತದೆ. ಆರೋಗ್ಯವಂತರಲ್ಲಿ ಅದರಲ್ಲಿ ಒಂದು ಚಿಟಿಕೆಯೂ ಹೊರಹೋಗುವುದಿಲ್ಲ. ಸೋಸಿದ ದ್ರವ ನಾಳದಲ್ಲಿ ಸಾಗುತ್ತಿರುವಾಗಲೇ ಎಸ್‌ಜಿಎಲ್‌ಟಿ-2 ಎಂಬ ಸಾಗಣೆ ಪ್ರೋಟೀನು ಸುಮಾರು ಶೇ. 90ರಷ್ಟನ್ನು ಹಿಡಿದು ರಕ್ತಕ್ಕೆ ಮರಳಿಸುತ್ತದೆ, ಉಳಿದದ್ದನ್ನು ಅದರ ಒಡನಾಡಿ ಎಸ್‌ಜಿಎಲ್‌ಟಿ-1 ನೋಡಿಕೊಳ್ಳುತ್ತದೆ. ಸೇಬಿನ ಮರದ ಬೇರಿನ ತೊಗಟೆಯಿಂದ 1835ರಲ್ಲಿ ಬೇರ್ಪಡಿಸಿದ ಫ್ಲೋರಿಜಿನ್ ಎಂಬ ಕಹಿ ಪದಾರ್ಥ ಈ ಮರಳಿಕೆಯನ್ನು ಕೆಡಿಸುತ್ತದೆ. ಅದನ್ನು ತಿಂದ ನಾಯಿಗಳ ಮೂತ್ರದಲ್ಲಿ ಸಕ್ಕರೆ ಸುರಿಯುವುದನ್ನು ಜರ್ಮನಿಯ ಯೋಸೆಫ್ ಫಾನ್ ಮೇರಿಂಗ್ 1880ರ ದಶಕದಲ್ಲಿ ಕಂಡ. ಅಂದು ಅದು ಕಾಯಿಲೆಯನ್ನು ಕೃತಕವಾಗಿ ತರಿಸುವ ಉಪಾಯವಾಗಿತ್ತು. ನೂರು ವರ್ಷ ಕಳೆದ ಮೇಲೆ ಅದೇ ಚಿಕಿತ್ಸೆಯ ದಾರಿಯಾಯಿತು. ಫ್ಲೋರಿಜಿನ್ ಕರುಳಿನಲ್ಲೇ ಒಡೆದುಹೋಗುತ್ತಿದ್ದುದರಿಂದ ಅದರ ಅಚ್ಚಿನಲ್ಲಿ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ನಂಥ ಗಟ್ಟಿ ಅಣುಗಳನ್ನು ಕಟ್ಟಿದರು. ಇವುಗಳಲ್ಲೊಂದನ್ನು ನುಂಗಿದ ಮಧುಮೇಹಿಯ ಮೂತ್ರದಲ್ಲಿ ದಿನಕ್ಕೆ 60ರಿಂದ 80 ಗ್ರಾಂ ಸಕ್ಕರೆ ಹೊರಹೋಗುತ್ತದೆ. ಇರುವೆ ಮುತ್ತಿದರೆ ಈಗ ಮಾತ್ರೆ ಕೆಲಸ ಮಾಡುತ್ತಿದೆ ಎಂದರ್ಥ.

ಈ ಮಾತ್ರೆಗಳ ನಿಜವಾದ ಬೆಲೆ ತಿಳಿದದ್ದು ಸಕ್ಕರೆಯ ಲೆಕ್ಕದ ಆಚೆ. ಹೃದ್ರೋಗವಿದ್ದ 7,020 ಮಧುಮೇಹಿಗಳ ಮೇಲೆ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಎಂಪಾಗ್ಲಿಫ್ಲೋಜಿನ್ ಪಡೆದವರಲ್ಲಿ ಹೃದಯ ಮತ್ತು ರಕ್ತನಾಳದ ಕಾರಣದ ಸಾವುಗಳು ಶೇ. 38ರಷ್ಟು ಕಡಿಮೆಯಾದವು. ಸಕ್ಕರೆಯ ಇಳಿಕೆಯೊಂದರಿಂದಲೇ ಇಷ್ಟಾಗುವುದು ಸಾಧ್ಯವಿರಲಿಲ್ಲ. ಮುಂದೆ ಮಧುಮೇಹವೇ ಇಲ್ಲದ ಹೃದಯ ವೈಫಲ್ಯದ ರೋಗಿಗಳಿಗೂ ಈ ಮಾತ್ರೆಗಳನ್ನು ಕೊಡಲಾರಂಭಿಸಿದರು. ಜನನಾಂಗದ ಬೂಷ್ಟು ಸೋಂಕು, ತೀರಾ ಉಪವಾಸವಿದ್ದಾಗ ರಕ್ತ ಆಮ್ಲೀಯವಾಗುವ ಅಪಾಯ ಇವುಗಳ ಬೆನ್ನಿಗಿವೆ. ಶಸ್ತ್ರಚಿಕಿತ್ಸೆಗೆ ಕೆಲವು ದಿನ ಮೊದಲೇ ನಿಲ್ಲಿಸುವುದು ಅದಕ್ಕಾಗಿ.

ಹೃದಯದ ಮಾತು ಹಾಸನ ಜಿಲ್ಲೆಗೆ ದೂರದ ಮಾತಾಗಿಲ್ಲ. 2025ರ ಮೇ, ಜೂನ್ ತಿಂಗಳುಗಳಲ್ಲಿ ಜಿಲ್ಲೆಯಲ್ಲಿ ಸಾಲುಸಾಲಾಗಿ ಹೃದಯಾಘಾತದ ಸಾವುಗಳು ವರದಿಯಾಗಿ, ಗಾಬರಿಗೊಂಡ ಜನ ಮೈಸೂರು ಮತ್ತು ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ತಪಾಸಣೆಗೆ ಸಾಲುಗಟ್ಟಿದರು. ಆಗ ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಸಾವುಗಳು ಅಸಹಜವಾಗಿ ಏರಿಲ್ಲವೆಂದು ಜುಲೈನಲ್ಲಿ ವರದಿ ಕೊಟ್ಟಿತು. ಅದು ಬೊಟ್ಟು ಮಾಡಿದ್ದು ಮಧುಮೇಹ, ರಕ್ತದೊತ್ತಡ, ತಂಬಾಕಿನಂಥ ಹಳೆಯ ಕಾರಣಗಳತ್ತಲೇ. ನಿಗೂಢವಾದದ್ದೇನೋ ಇರಬೇಕೆಂದು ನಂಬಿದ್ದವರಿಗೆ ಇದು ಸಪ್ಪೆ ಎನಿಸಿರಬಹುದು.

ಹಳೆಯ ಕಾರಣಗಳಿಗೆ ಮದ್ದು ಊರಿನ ಹತ್ತಿರವೇ ಇದೆ ಎಂಬುದೂ ಅಷ್ಟೇ ಸಪ್ಪೆಯಾದ ಸತ್ಯ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 2024ರ ಅಕ್ಟೋಬರ್‌ನಲ್ಲಿ ಕೋಲಾರದಲ್ಲಿ ಶುರುವಾಗಿ ಮರುವರ್ಷ ಇತರ ಜಿಲ್ಲೆಗಳಿಗೆ ವಿಸ್ತರಿಸಿದ ರಾಜ್ಯದ ‘ಗೃಹ ಆರೋಗ್ಯ’ ಯೋಜನೆ, 30 ವರ್ಷ ದಾಟಿದವರ ರಕ್ತದೊತ್ತಡ, ಸಕ್ಕರೆಯನ್ನು ಮನೆಬಾಗಿಲಲ್ಲೇ ಪರೀಕ್ಷಿಸಿ ಮಾತ್ರೆ ಕೊಡುವ ಉದ್ದೇಶದ್ದು. ಪೇಟೆಂಟ್ ಮುಗಿದಂತೆ ಹೊಸ ಔಷಧಗಳೂ ಕೈಗೆಟುಕುತ್ತಿವೆ. 2025ರ ಮಾರ್ಚ್‌ನಲ್ಲಿ ಎಂಪಾಗ್ಲಿಫ್ಲೋಜಿನ್‌ನ ಪೇಟೆಂಟ್ ಮುಗಿದ ಕೂಡಲೇ, 60 ರೂಪಾಯಿಯ ಆಸುಪಾಸಿನಲ್ಲಿದ್ದ ಮಾತ್ರೆಗೆ ಹತ್ತು ರೂಪಾಯಿಗೂ ಕಡಿಮೆ ಬೆಲೆಯ ಬದಲಿಗಳು ಬಂದವು.

ಕಷ್ಟವಿರುವುದು ಮಾತ್ರೆಯನ್ನು ಬಿಡದೆ ನುಂಗುವುದರಲ್ಲಿ. ಮೂರು ತಿಂಗಳು ನುಂಗಿ, ಶುಗರ್ ನಾರ್ಮಲ್ ಬಂತು ಎಂದು ನಿಲ್ಲಿಸಿ, ಅಮೃತಬಳ್ಳಿ, ಹಾಗಲಕಾಯಿ ರಸಕ್ಕೆ ತಿರುಗುವವರು ಪ್ರತಿ ಊರಲ್ಲೂ ಇದ್ದಾರೆ. ಆ ನಾರ್ಮಲ್ ಅಂಕಿ ಬಹುತೇಕ ಮಾತ್ರೆಯ ಫಲವೇ ಆಗಿರುತ್ತದೆ. ಕೆಂಪು ರಕ್ತಕಣಗಳ ಆಯುಸ್ಸು ಸುಮಾರು 120 ದಿನ. ಅವುಗಳಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಎಚ್‌ಬಿಎ1ಸಿ ಪರೀಕ್ಷೆ ಎರಡು ಮೂರು ತಿಂಗಳ ಕಥೆಯನ್ನು ಹೇಳುತ್ತದೆ, ಬೆರಳು ಚುಚ್ಚಿ ನೋಡುವ ಪರೀಕ್ಷೆ ಆ ಗಳಿಗೆಯದನ್ನು ಮಾತ್ರ. ಒಂದೇ ಮಾತ್ರೆ ಕೊನೆಯವರೆಗೂ ಸಾಕಾಗುವುದೂ ಅಪರೂಪ. ಯುಕೆಪಿಡಿಎಸ್ ಅಧ್ಯಯನದಲ್ಲಿ ಒಂದೇ ಔಷಧದ ಮೇಲಿದ್ದವರ ಪೈಕಿ ಒಂಬತ್ತು ವರ್ಷಗಳ ಬಳಿಕ ಸಕ್ಕರೆ ಹಿಡಿತದಲ್ಲಿ ಉಳಿದದ್ದು ಸುಮಾರು ಕಾಲು ಭಾಗ ಜನರಿಗೆ. ಬೀಟಾ ಕೋಶಗಳು ಸೋಲುತ್ತಾ ಹೋಗುವುದು ಈ ಕಾಯಿಲೆಯ ಸಹಜ ನಡೆ. ಆದ್ದರಿಂದ ಎರಡನೆಯ ಮಾತ್ರೆ ಸೇರಿದರೆ, ಮುಂದೊಂದು ದಿನ ಇನ್ಸುಲಿನ್ ಬೇಕಾದರೆ ಅದು ಪಥ್ಯ ಮಾಡದ್ದಕ್ಕೆ ಸಿಕ್ಕ ಶಿಕ್ಷೆಯೆಂದು ಹಳಿದುಕೊಳ್ಳಬೇಕಿಲ್ಲ.

ಇನ್ಸುಲಿನ್ನನ್ನೇ ಮಾತ್ರೆಯಾಗಿ ಕೊಡಬಾರದೇಕೆ ಎಂಬ ಪ್ರಶ್ನೆಗೆ ಇಂದಿಗೂ ಜಠರವೇ ಅಡ್ಡಿ. ಇನ್ಸುಲಿನ್ ಒಂದು ಪ್ರೋಟೀನು. ಬೇಳೆಯ ಪ್ರೋಟೀನನ್ನು ಜೀರ್ಣಿಸುವಂತೆಯೇ ಹೊಟ್ಟೆ ಅದನ್ನೂ ಜೀರ್ಣಿಸಿಬಿಡುತ್ತದೆ. ಅದಕ್ಕಿಂತ ಚಿಕ್ಕದಾದ, ಜಿಎಲ್‌ಪಿ-1ರ ಅನುಕರಣೆಯಾದ ಸೆಮಾಗ್ಲುಟೈಡ್ ಮಾತ್ರ ಈ ತಡೆಯನ್ನು ಅಲ್ಪಸ್ವಲ್ಪ ದಾಟಿದೆ. ಜಠರದ ಗೋಡೆಯ ಒಂದು ಚುಕ್ಕೆಯಷ್ಟು ಜಾಗದಲ್ಲಿ ಆಮ್ಲವನ್ನು ಶಮನಗೊಳಿಸುವ ಸಹಾಯಕ ಪದಾರ್ಥದೊಂದಿಗೆ ಬೆರೆಸಿದ ಆ ಮಾತ್ರೆಗೆ 2019ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2022ರಲ್ಲಿ ಅದು ಭಾರತಕ್ಕೆ ಬಂತು. ಇಷ್ಟಾದರೂ ನುಂಗಿದ್ದರಲ್ಲಿ ರಕ್ತ ಸೇರುವುದು ನೂರಕ್ಕೆ ಒಂದು ಪಾಲಿನಷ್ಟೇ. ಆ ಒಂದು ಪಾಲಾದರೂ ಸೇರಬೇಕಾದರೆ ಬರಿಹೊಟ್ಟೆಯಲ್ಲಿ ಅರ್ಧ ಲೋಟ ನೀರಿನೊಂದಿಗೆ ನುಂಗಿ, ಅರ್ಧ ಗಂಟೆ ಏನನ್ನೂ ತಿನ್ನದೆ ಕುಡಿಯದೆ ಇರಬೇಕು. ಹಾಸಿಗೆಯಿಂದ ಎದ್ದೊಡನೆ ಕಾಫಿ ಲೋಟಕ್ಕೆ ಕೈ ಚಾಚುವ ಬೇಲೂರು ಸೀಮೆಯಲ್ಲಿ, ಅದರ ಬೆಲೆಗಿಂತ ಈ ಷರತ್ತೇ ಭಾರವಾದೀತು.